ಕೀಲಿಮಣೆ ಒಂದೇ, ಕಿಟಕಿಗಳು ಹಲವು

ಕಚೇರಿಯಲ್ಲಿ ಕುಳಿತ ಗುಮಾಸ್ತರೊಬ್ಬರು ಬ್ಯಾಂಕಿನ ಪುಟ ತೆರೆದು ಪಾಸ್‌ವರ್ಡ್ ಒತ್ತುತ್ತಿದ್ದಾರೆ. ಕಣ್ಣು ಕೀಲಿಮಣೆಯ ಮೇಲಿದೆ. ಅದೇ ಹೊತ್ತಿಗೆ ಹರಟೆಯ ಕಿಟಕಿಯೊಂದು ಹೇಳದೆ ಕೇಳದೆ ಪರದೆಯ ಮುಂದಕ್ಕೆ ಬಂದು ನಿಲ್ಲುತ್ತದೆ. ಪಾಸ್‌ವರ್ಡಿನ ಮೊದಲರ್ಧ ಬ್ಯಾಂಕಿಗೆ ಹೋಯಿತು, ಉಳಿದರ್ಧ ಸಹೋದ್ಯೋಗಿಗಳ ಗುಂಪಿಗೆ. ರೂಢಿಯಂತೆ ಎಂಟರ್ ಕೀಲಿಯನ್ನೂ ಒತ್ತಿ ಆಯಿತು. ತಲೆ ಎತ್ತಿ ನೋಡುವಷ್ಟರಲ್ಲಿ ನಾಲ್ಕು ಮಂದಿ ಅದನ್ನು ಓದಿ, ಒಬ್ಬರು 'ಏನ್ರೀ ಇದು?' ಎಂದು ಕೇಳಿಯೂ ಆಗಿರುತ್ತದೆ.

ಕಂಪ್ಯೂಟರ್ ಬಳಸುವ ಯಾರಿಗೂ ಇದು ಹೊಸ ಅನುಭವವಲ್ಲ. ಬೈದುಕೊಂಡು ಮುಂದೆ ಹೋಗುತ್ತೇವೆ. ಆದರೆ ಈ ಸಣ್ಣ ಅವಘಡದ ಹಿಂದೆ ಅರ್ಧ ಶತಮಾನದ ಚರ್ಚೆಯೊಂದಿದೆ. ಪರದೆಯ ಮೇಲೆ ಹತ್ತು ಕಿಟಕಿಗಳಿರಬಹುದು, ಆದರೆ ಕೀಲಿಮಣೆ ಒಂದೇ. ಒತ್ತಿದ ಅಕ್ಷರ ಯಾವ ಕಿಟಕಿಗೆ ಸೇರಬೇಕು? ಅದನ್ನು ತೀರ್ಮಾನಿಸುವವರು ಯಾರು? ಕುಳಿತ ಮನುಷ್ಯನೋ, ಅವನ ಕೈಯಲ್ಲಿರುವ ಮೌಸೋ, ಅಥವಾ ತಾನೇ ಮುಖ್ಯ ಎಂದುಕೊಂಡ ತಂತ್ರಾಂಶವೋ?

ಅಕ್ಷರಗಳನ್ನು ಸ್ವೀಕರಿಸುವ ಈ ಹಕ್ಕಿಗೆ ಕಂಪ್ಯೂಟರಿನವರು ಇಟ್ಟ ಹೆಸರು 'ಫೋಕಸ್'. ಲ್ಯಾಟಿನ್ ಭಾಷೆಯಲ್ಲಿ ಈ ಮಾತಿಗೆ ಒಲೆ, ಅಗ್ಗಿಷ್ಟಿಕೆ ಎಂಬ ಅರ್ಥ. ಬೆಳಕಿನ ಕಿರಣಗಳು ಒಂದೆಡೆ ಕೂಡುವ ಬಿಂದುವಿಗೆ ಖಗೋಳಶಾಸ್ತ್ರಜ್ಞ ಕೆಪ್ಲರ್ 1604ರಲ್ಲಿ ಈ ಪದವನ್ನು ಬಳಸಿದ. ಕನ್ನಡದ ವಿಜ್ಞಾನ ಪುಸ್ತಕಗಳು ನಾಭಿ ಎಂದೂ ಸಂಗಮಬಿಂದು ಎಂದೂ ಅದನ್ನು ಕರೆದಿವೆ. ಮನೆಮಂದಿ ಸುತ್ತ ಕೂರುವ ಒಲೆ ಒಂದೇ ಇರುತ್ತದೆ. ಹಾಗೆಯೇ ಒಂದು ಪರದೆಗೆ ಫೋಕಸ್ ಕೂಡ ಒಂದೇ.

ಮೊದಲಿಗೆ ಈ ಪ್ರಶ್ನೆಯೇ ಇರಲಿಲ್ಲ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ತೋರಿಸಿದಾಗ, ಪ್ರತಿಯೊಬ್ಬರ ಮುಂದೆ ಇದ್ದದ್ದು ಒಂದು ಬೆರಳಚ್ಚು ಯಂತ್ರ ಮಾತ್ರ. ಕೇಳಿದ್ದಕ್ಕೆ ಉತ್ತರ, ಮತ್ತೆ ಪ್ರಶ್ನೆ. ಯಂತ್ರ ಒಳಗೊಳಗೆ ಹಲವು ಕೆಲಸಗಳ ನಡುವೆ ಜಿಗಿಯುತ್ತಿತ್ತು. ಮನುಷ್ಯನ ಮುಂದೆ ಮಾತ್ರ ಒಂದೇ ಸಂಭಾಷಣೆ. ಇಂದು ಮನೆಮಾತಾಗಿರುವ 'ಮಲ್ಟಿಟಾಸ್ಕಿಂಗ್' ಎಂಬ ಮಾತು 1960ರ ದಶಕದಲ್ಲಿ ಯಂತ್ರದ ಈ ಜಿಗಿತಕ್ಕೆ ಹುಟ್ಟಿಕೊಂಡದ್ದು. ಮನುಷ್ಯರಿಗೆ ಅದು ಅಂಟಿದ್ದು ಆಮೇಲೆ. ಇದರಲ್ಲಿ ಒಂದು ಮೋಸವೂ ಇದೆ. ಯಂತ್ರ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಮೊದಲನೆಯದರ ಸ್ಥಿತಿಯನ್ನು ಒಂದಕ್ಷರವೂ ಬಿಡದೆ ಬರೆದಿಟ್ಟುಕೊಂಡು ಹೋಗುತ್ತದೆ. ಹಿಂದಿರುಗಿದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಮನುಷ್ಯನ ತಲೆಗೆ ಆ ಭಾಗ್ಯವಿಲ್ಲ. ಕೆಲಸ ಬದಲಿಸಿದಾಗಲೆಲ್ಲ ಮನಸ್ಸು ಸಮಯದ ಸುಂಕ ಕಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆರ್ಥರ್ ಜೆರ್ಸಿಲ್ಡ್ 1927ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದ್ದರು. ಆಗ ಕಂಪ್ಯೂಟರೇ ಇರಲಿಲ್ಲ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮ್ಮೇಳನವೊಂದರಲ್ಲಿ ಡಗ್ಲಾಸ್ ಎಂಗೆಲ್ಬರ್ಟ್ ಸುಮಾರು 90 ನಿಮಿಷ ಕಾಲ ಒಂದು ಪ್ರದರ್ಶನ ನೀಡಿದರು. ಮೌಸ್ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು ಅಂದು. ಪರದೆಯನ್ನು ಭಾಗ ಮಾಡಿ ಬೇರೆ ಬೇರೆ ವಿಷಯ ತೋರಿಸುವ ಕಲ್ಪನೆಯೂ ಅಲ್ಲಿತ್ತು. ಆದರೆ ಮೇಜಿನ ಮೇಲೆ ಒಂದರ ಮೇಲೊಂದು ಕಾಗದ ಹರಡಿದಂತೆ ಕಿಟಕಿಗಳು ಒಂದನ್ನೊಂದು ಮುಚ್ಚುವ ಪರದೆ ರೂಪುಗೊಂಡದ್ದು 1970ರ ದಶಕದಲ್ಲಿ, ಝೆರಾಕ್ಸ್ ಕಂಪನಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಊರಿನಲ್ಲಿ ಕಟ್ಟಿದ ಸಂಶೋಧನಾ ಕೇಂದ್ರದಲ್ಲಿ. ಅಲನ್ ಕೇ ಮತ್ತು ಅವರ ಬಳಗ 'ಆಲ್ಟೊ' ಯಂತ್ರದ ಮೇಲೆ 'ಸ್ಮಾಲ್‌ಟಾಕ್' ಎಂಬ ಭಾಷೆಯನ್ನು ಬೆಳೆಸುತ್ತ ಈ ಕಿಟಕಿಗಳನ್ನೂ ಬೆಳೆಸಿತು. ಪರದೆ ಚಿಕ್ಕದು, ಇಡಬೇಕಾದ ವಿಷಯ ಹೆಚ್ಚು. ಅದಕ್ಕೆ ಈ ಉಪಾಯ.

ಅದೇ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಎಂಬ ಹಟವಾದಿಯೊಬ್ಬರಿದ್ದರು. ಇಂದು ಎಲ್ಲರೂ ಬಳಸುವ ಕಟ್, ಕಾಪಿ, ಪೇಸ್ಟ್ ಕ್ರಮಕ್ಕೆ ರೂಪ ಕೊಟ್ಟವರಲ್ಲಿ ಅವರು ಪ್ರಮುಖರು. ಒಂದೇ ಕೀಲಿ ಒಮ್ಮೆ ಒಂದು ಕೆಲಸ, ಇನ್ನೊಮ್ಮೆ ಇನ್ನೊಂದು ಕೆಲಸ ಮಾಡುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಂಥ ಸ್ಥಿತಿಗಳಿಗೆ 'ಮೋಡ್' ಎಂದು ಹೆಸರು. ಟೆಸ್ಲರ್ ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೂ 'ನೋ ಮೋಡ್ಸ್' ಎಂದೇ ಬರೆಸಿಕೊಂಡಿದ್ದರು. ಅವರ ಸಿಟ್ಟಿಗೆ ಕಾರಣವಿತ್ತು. ಅಲ್ಲಿ ಬಳಕೆಯಲ್ಲಿದ್ದ 'ಬ್ರಾವೊ' ಎಂಬ ಬರಹ ತಂತ್ರಾಂಶದಲ್ಲಿ ಬರೆಯಲು ಒಂದು ಸ್ಥಿತಿ, ಆಜ್ಞೆ ಕೊಡಲು ಇನ್ನೊಂದು. ತಾನು ಬರೆಯುವ ಸ್ಥಿತಿಯಲ್ಲಿದ್ದೇನೆ ಎಂದುಕೊಂಡು 'ಎಡಿಟ್' ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಏನಾಗುತ್ತಿತ್ತು ನೋಡಿ: ಇ ಎಂದರೆ ಇಡೀ ಬರಹವನ್ನು ಆರಿಸು, ಡಿ ಎಂದರೆ ಅಳಿಸು, ಐ ಎಂದರೆ ಹೊಸದನ್ನು ಸೇರಿಸು. ಉಳಿದ ಟಿ ಅಕ್ಷರವೊಂದೇ ಖಾಲಿ ಪರದೆಯ ಮೇಲೆ ನಿಲ್ಲುತ್ತಿತ್ತು. ದಿನವಿಡೀ ಬರೆದದ್ದು ನಾಲ್ಕು ಬೆರಳೊತ್ತಿಗೆ ಮಾಯ!

ಕಿಟಕಿಗಳಿಂದ ಮೋಡ್‌ಗಳ ಕಾಟ ತಪ್ಪೀತು ಎಂಬ ನಿರೀಕ್ಷೆ ಆಗ ಇತ್ತು. ಪ್ರತಿ ಕೆಲಸಕ್ಕೂ ಅದರದೇ ಕಿಟಕಿ ಇದ್ದರೆ, ಒಂದನ್ನು ಮುಗಿಸದೆ ಇನ್ನೊಂದಕ್ಕೆ ಹೋಗಬಹುದು, ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಆದದ್ದೇ ಬೇರೆ. ಹಳೆಯ ಮೋಡ್‌ಗಳು ಮುಂಬಾಗಿಲಿನಿಂದ ಹೋದವು. ಫೋಕಸ್ ಎಂಬ ಹೊಸ ಮೋಡ್ ಹಿಂಬಾಗಿಲಿನಿಂದ ಬಂತು. 'ಡಿ' ಒತ್ತಿದರೆ ಒಂದು ಕಿಟಕಿಯಲ್ಲಿ ಅಕ್ಷರ ಮೂಡುತ್ತದೆ, ಇನ್ನೊಂದರಲ್ಲಿ ಕಡತವೇ ಅಳಿಯಬಹುದು. ಮುಂದೆ ಮೆಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದಲ್ಲಿ ಹೊರತಂದ 'ದಿ ಹ್ಯೂಮೇನ್ ಇಂಟರ್‌ಫೇಸ್' ಪುಸ್ತಕದಲ್ಲಿ ಇಂಥ ತಪ್ಪಿನ ಬೇರನ್ನು ಬಿಡಿಸಿಟ್ಟರು. ಯಂತ್ರದ ಸ್ಥಿತಿ ಪರದೆಯ ಮೇಲೆ ಎಲ್ಲೋ ಕಾಣಿಸುತ್ತಿದ್ದರೆ ಸಾಲದು. ಅದು ಮನುಷ್ಯನ ಗಮನ ನೆಟ್ಟ ಜಾಗದಲ್ಲೇ ಇರಬೇಕು. ಕಿಟಕಿಯ ತಲೆಪಟ್ಟಿ ನೀಲಿಯಾಯಿತೋ ಬೂದಿಯಾಯಿತೋ ಎಂಬುದನ್ನು ಬರೆಯುವವರು ಯಾರು ನೋಡುತ್ತ ಕೂರುತ್ತಾರೆ?

ಝೆರಾಕ್ಸ್ ಕಂಪನಿ 1981ರಲ್ಲಿ ಮಾರುಕಟ್ಟೆಗೆ ತಂದ 'ಸ್ಟಾರ್' ಯಂತ್ರದಲ್ಲಿ ಕಿಟಕಿಗಳು ಒಂದನ್ನೊಂದು ಮುಚ್ಚದೆ ಹೆಂಚು ಜೋಡಿಸಿದಂತೆ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. 1985ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್ ವಿಂಡೋಸ್‌ನ ಮೊದಲ ಆವೃತ್ತಿಯೂ ಹಾಗೆಯೇ. ಆಪಲ್ ಕಂಪನಿಯ ಲಿಸಾ (1983) ಮತ್ತು ಮೆಕಿಂಟಾಷ್ (1984) ಮಾತ್ರ ಒಂದರ ಮೇಲೊಂದು ಬರುವ ಕಿಟಕಿಗಳನ್ನು ಆರಿಸಿಕೊಂಡವು. ಅದಕ್ಕೆ ಗಣಿತ ಹೊಸೆದ ಬಿಲ್ ಆಟ್ಕಿನ್ಸನ್ (ನಿಧನ 2025) ಪಾಲೊ ಆಲ್ಟೊದ ಭೇಟಿಯಲ್ಲಿ ಮುಚ್ಚಿದ ಕಿಟಕಿಯ ಭಾಗವೂ ತಾನಾಗಿ ಸರಿಯಾಗಿ ಚಿತ್ರಿತವಾಗುವುದನ್ನು ಕಂಡೆ ಎಂದು ನಂಬಿ, ಅದನ್ನು ಸಾಧಿಸಲು ಹಗಲಿರುಳು ದುಡಿದರು. ಅಲ್ಲಿ ಅಂಥದ್ದು ಇರಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಆಗದು ಎಂದು ಗೊತ್ತಿಲ್ಲದವರೇ ಮಾಡಿ ತೋರಿಸುವುದು ಹೀಗೆ. 1987ರ ಕೊನೆಗೆ ವಿಂಡೋಸ್‌ನ ಎರಡನೆಯ ಆವೃತ್ತಿಯೂ ಅದೇ ದಾರಿ ಹಿಡಿದಾಗ ಆಪಲ್ ನ್ಯಾಯಾಲಯದ ಮೆಟ್ಟಿಲೇರಿತು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಸೋತಿತು.

ಮೆಕಿಂಟಾಷ್, ವಿಂಡೋಸ್ ಎರಡರಲ್ಲೂ ನಿಯಮ ಒಂದೇ: ಬೇಕಾದ ಕಿಟಕಿಯನ್ನು ಮೌಸಿನಿಂದ ಕ್ಲಿಕ್ ಮಾಡಿ, ಅದು ಮೇಲೆದ್ದು ಬರುತ್ತದೆ, ಅಕ್ಷರ ಅದಕ್ಕೆ. ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಬೆಳೆದ ಪಂಥ ಬೇರೆ. 1984ರಲ್ಲಿ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಆರಂಭಿಸಿದ 'ಎಕ್ಸ್' ಎಂಬ ಕಿಟಕಿ ವ್ಯವಸ್ಥೆಯ ತತ್ವವೇ ವಿಚಿತ್ರವಾಗಿತ್ತು. ಸಾಧನ ಕೊಡುವುದಷ್ಟೇ ನಮ್ಮ ಕೆಲಸ, ಅದನ್ನು ಹೇಗೆ ಬಳಸಬೇಕು ಎಂಬ ಕಟ್ಟಳೆ ನಮ್ಮದಲ್ಲ ಎಂದರು. ಹೀಗಾಗಿ ಕಟ್ಟಳೆ ಮಾಡುವ ಕೆಲಸ 'ವಿಂಡೋ ಮ್ಯಾನೇಜರ್' ಎಂಬ ಬೇರೊಂದು ತಂತ್ರಾಂಶದ ಪಾಲಿಗೆ ಬಂತು. ಊರಿಗೊಂದು ಮ್ಯಾನೇಜರ್ ಹುಟ್ಟಿಕೊಂಡಿತು. ಯಾವ ಮ್ಯಾನೇಜರೂ ಇಲ್ಲದಿದ್ದರೆ? ಮೌಸಿನ ಬಾಣ ಯಾವ ಕಿಟಕಿಯ ಮೇಲಿದೆಯೋ ಅಕ್ಷರ ಅದಕ್ಕೆ. ಕ್ಲಿಕ್ ಮಾಡುವ ಗೋಜೇ ಇಲ್ಲ. ಇದಕ್ಕೆ 'ಫೋಕಸ್ ಫಾಲೋಸ್ ಮೌಸ್' ಎಂದು ಹೆಸರಾಯಿತು. ಮೌಸ್ ಮುಂದೆ, ಫೋಕಸ್ ಅದರ ಹಿಂದೆ.

ಈ ಪದ್ಧತಿಗೆ ಒಗ್ಗಿದವರು ಇಂದಿಗೂ ಅದನ್ನು ಬಿಡಲೊಲ್ಲರು. ಅವರ ವಾದದಲ್ಲಿ ಹುರುಳಿದೆ. ಮೇಲಿರುವ ಕಿಟಕಿಯಲ್ಲಿ ಒಂದು ಪತ್ರವಿದೆ, ಅದನ್ನು ಓದುತ್ತ, ಅದರ ಕೆಳಗಿಂದ ಅರ್ಧ ಮಾತ್ರ ಇಣುಕುತ್ತಿರುವ ಕಿಟಕಿಯಲ್ಲಿ ಉತ್ತರ ಬರೆಯಬೇಕು. ಕ್ಲಿಕ್ ಪಂಥದಲ್ಲಿ ಕೆಳಗಿನದನ್ನು ಮುಟ್ಟಿದೊಡನೆ ಅದು ಮೇಲೆದ್ದು ಪತ್ರವನ್ನೇ ಮುಚ್ಚುತ್ತದೆ. ಮೌಸ್ ಪಂಥದಲ್ಲಿ ಬಾಣವನ್ನು ಅತ್ತ ಸರಿಸಿದರೆ ಸಾಕು. ಪತ್ರ ಮೇಲೆಯೇ ಇರುತ್ತದೆ, ಬರವಣಿಗೆ ಕೆಳಗೆ ಸಾಗುತ್ತದೆ. ಓದುವ ಕಿಟಕಿಯೂ ಬರೆಯುವ ಕಿಟಕಿಯೂ ಒಂದೇ ಆಗಿರಬೇಕಿಲ್ಲ ಎಂಬ ಸರಳ ಸತ್ಯವನ್ನು ಅದು ಒಪ್ಪಿಕೊಂಡಿದೆ. ಅಪಾಯವೂ ಅಲ್ಲೇ ಇದೆ. ಮೊಣಕೈ ಮೇಜಿಗೆ ತಗಲಿ ಮೌಸ್ ಒಂದಂಗುಲ ಜಾರಿದರೆ ಮುಂದಿನ ವಾಕ್ಯವೆಲ್ಲ ಪರರ ಪಾಲು. ಬಾಣ ಖಾಲಿ ಜಾಗಕ್ಕೆ ಹೋದರೆ ಅಕ್ಷರಗಳು ಗಾಳಿಗೆ. ಇದನ್ನು ತಪ್ಪಿಸಲೆಂದೇ 'ಸ್ಲಾಪಿ' ಎಂಬ ನಡುದಾರಿ ಬಂತು: ಖಾಲಿ ಜಾಗಕ್ಕೆ ಹೋದರೂ ಹಿಂದಿನ ಕಿಟಕಿಯೇ ಅಕ್ಷರಗಳನ್ನು ಪಡೆಯುತ್ತಿರುತ್ತದೆ, ಇನ್ನೊಂದು ಕಿಟಕಿ ಸಿಗುವವರೆಗೆ.

ಮೆಕಿಂಟಾಷ್ ಈ ಪದ್ಧತಿಯನ್ನು ಏಕೆ ಒಪ್ಪಲಿಲ್ಲ ಎಂಬುದಕ್ಕೆ ಅದರ ಪರದೆಯನ್ನೇ ನೋಡಬೇಕು. ಅಲ್ಲಿ ಆಜ್ಞೆಗಳ ಪಟ್ಟಿ ಕಿಟಕಿಗೊಂದರಂತೆ ಇಲ್ಲ. ಎಲ್ಲದಕ್ಕೂ ಸೇರಿ ಪರದೆಯ ನೆತ್ತಿಯ ಮೇಲೆ ಒಂದೇ. ಕೆಳಗಿನ ಕಿಟಕಿಯಿಂದ ಆ ಪಟ್ಟಿಯತ್ತ ಬಾಣ ಒಯ್ಯುವಾಗ ದಾರಿಯಲ್ಲಿ ಬೇರೆ ಕಿಟಕಿಗಳು ಸಿಗುತ್ತವೆ. ಫೋಕಸ್ ಬಾಣದ ಹಿಂದೆಯೇ ಓಡಿದರೆ, ನೆತ್ತಿ ತಲುಪುವಷ್ಟರಲ್ಲಿ ಪಟ್ಟಿ ಯಾರದೋ ಆಗಿರುತ್ತದೆ. ಒಂದು ಆಯ್ಕೆ ಇನ್ನೊಂದರ ಕೈ ಕಟ್ಟಿಹಾಕುವುದು ಹೀಗೆ.

ಎರಡು ಪಂಥಗಳಲ್ಲಿ ಕೆಲಸ ಬೇಗ ಆಗುವುದು ಯಾವುದರಲ್ಲಿ? ಲೆಕ್ಕ ಹಾಕಲು ಒಂದು ಅಳತೆಗೋಲು ಇದೆ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಅಲೆನ್ ನ್ಯೂಯೆಲ್ 1980ರಲ್ಲಿ ಪ್ರಕಟಿಸಿದ ಮಾದರಿಯ ಪ್ರಕಾರ ಸಾಧಾರಣ ನುರಿತವರಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು, ಮೌಸಿನಿಂದ ಗುರಿ ಮುಟ್ಟಲು 1.1 ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಒಯ್ಯಲು 0.4 ಸೆಕೆಂಡು ಬೇಕು. ಮುಂದೇನು ಮಾಡಬೇಕೆಂದು ಮನಸ್ಸು ಅಣಿಯಾಗಲು ಹಿಡಿಯುವುದು 1.35 ಸೆಕೆಂಡು. ಮೌಸ್ ಪಂಥ ಉಳಿಸುವುದು ಒಂದು ಕ್ಲಿಕ್ ಮಾತ್ರ, ಅಂದರೆ ಹೆಚ್ಚೆಂದರೆ 0.2 ಸೆಕೆಂಡು. ದಿನಕ್ಕೆ 500 ಬಾರಿ ಕಿಟಕಿ ಬದಲಿಸುವವರಿದ್ದಾರೆ ಎಂದಿಟ್ಟುಕೊಂಡರೂ ಉಳಿತಾಯ 100 ಸೆಕೆಂಡು. ಒಂದು ಲೋಟ ಕಾಫಿ ಆರುವ ಹೊತ್ತೂ ಅಲ್ಲ. ನಾಲ್ಕು ಬಾಬತ್ತುಗಳಲ್ಲಿ ದೊಡ್ಡದು ಕೈಯದಲ್ಲ, ಮನಸ್ಸಿನದು. ಕ್ಲಿಕ್ಕೋ ಮೌಸೋ ಎಂದು ದಶಕಗಟ್ಟಲೆ ಜಗಳವಾಡಿದವರು ಎಣಿಸಿದ್ದು ಚಿಲ್ಲರೆಯನ್ನು. ನೋಟು ಹೋಗುತ್ತಿದ್ದದ್ದು ಬೇರೆ ಜೇಬಿನಿಂದ.

1986ರಲ್ಲಿ ಬಾಸ್ಟನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಸಾರಾ ಬ್ಲೈ ಮತ್ತು ಜಾರೆಟ್ ರೋಸನ್‌ಬರ್ಗ್ ಒಂದು ಪ್ರಯೋಗದ ಫಲವನ್ನು ಮುಂದಿಟ್ಟರು. ಒಂದರ ಮೇಲೊಂದು ಬರುವ ಕಿಟಕಿಗಳೇ ಮೇಲು ಎಂಬ ನಂಬಿಕೆ ಎಲ್ಲೆಡೆ ಇದ್ದರೂ, ಕೆಲವು ಬಗೆಯ ಕೆಲಸಗಳಲ್ಲಿ, ಕೆಲವು ಬಗೆಯ ಬಳಕೆದಾರರಿಗೆ ಹೆಂಚಿನಂತೆ ಜೋಡಿಸಿದ ಕಿಟಕಿಗಳಲ್ಲೇ ಕೆಲಸ ಬೇಗ ಮುಗಿಯಿತು. ಅದೇ ವರ್ಷ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಇನ್ನೊಂದು ಮಾತು ಹೇಳಿದರು. ಕಂಪ್ಯೂಟರಿನ ಸ್ಮೃತಿ ಚಿಕ್ಕದಾಗಿ ಕೆಲಸ ಹೆಚ್ಚಾದಾಗ, ಯಂತ್ರ ಕೆಲಸ ಬಿಟ್ಟು ಮಾಹಿತಿಯನ್ನು ಒಳಗೆ ಹೊರಗೆ ಸಾಗಿಸುವುದರಲ್ಲೇ ಸುಸ್ತಾಗುತ್ತದೆ. ಇದಕ್ಕೆ 'ಥ್ರ್ಯಾಶಿಂಗ್' ಎನ್ನುತ್ತಾರೆ. ಚಿಕ್ಕ ಪರದೆಯಲ್ಲಿ ಹತ್ತಾರು ಕಿಟಕಿ ತೆರೆದ ಮನುಷ್ಯನ ಪಾಡೂ ಅದೇ ಎಂದರು. ಬರೆಯುವುದಕ್ಕಿಂತ ಕಿಟಕಿ ಸರಿಸುವುದರಲ್ಲೇ ಹೊತ್ತು ಹೋಗುತ್ತದೆ. ಅವರು ಸೂಚಿಸಿದ ಪರಿಹಾರ 'ರೂಮ್ಸ್': ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ, ಆ ಕೆಲಸದ ಕಿಟಕಿಗಳೆಲ್ಲ ಆ ಕೋಣೆಯಲ್ಲಿ. ಮೆಕಿಂಟಾಷ್‌ಗೆ 2007ರಲ್ಲಿ, ವಿಂಡೋಸ್‌ಗೆ 2015ರಲ್ಲಿ ಬಂದ ಹಲವು ಡೆಸ್ಕ್‌ಟಾಪ್‌ಗಳ ಸೌಲಭ್ಯ ಇದರ ಮೊಮ್ಮಗು.

ಇಷ್ಟರವರೆಗಿನದು ಕುಳಿತವನ ಇಚ್ಛೆಯ ಮಾತು. ಗುಮಾಸ್ತರ ಪಾಸ್‌ವರ್ಡ್ ಕಳೆದದ್ದು ಅವರು ಆರಿಸಿದ್ದರಿಂದಲ್ಲ, ಕಿಟಕಿ ತಾನೇ ನುಗ್ಗಿದ್ದರಿಂದ. ಇದಕ್ಕೆ ಕಂಪ್ಯೂಟರ್ ಭಾಷೆಯಲ್ಲಿ 'ಫೋಕಸ್ ಕಳವು' ಎಂದೇ ಹೆಸರು. ಪ್ರತಿ ತಂತ್ರಾಂಶ ಬರೆಯುವವರಿಗೂ ತಮ್ಮ ಸುದ್ದಿಯೇ ಮುಖ್ಯ. ಮದುವೆ ಮನೆಯಲ್ಲಿ ಪ್ರತಿ ನೆಂಟರಿಗೂ ಮೊದಲ ಪಂಕ್ತಿಯೇ ಬೇಕಾದಂತೆ. ನುಗ್ಗಿದ ಕಿಟಕಿ 'ಅಳಿಸಲೇ?' ಎಂದು ಕೇಳುವಂಥದ್ದಾದರಂತೂ ಮುಗಿಯಿತು. ವಾಕ್ಯದ ನಡುವೆ ಒತ್ತಿದ ಸ್ಪೇಸ್ ಅಥವಾ ಎಂಟರ್ ಕೀಲಿಯೇ 'ಹೌದು' ಎಂಬ ಉತ್ತರವಾಗುತ್ತದೆ. ಏನು ಕೇಳಿತು, ಏನು ಹೇಳಿದೆವು ಎಂಬುದೂ ತಿಳಿಯದು.

ಮೈಕ್ರೋಸಾಫ್ಟ್ ವಿಂಡೋಸ್ 98 ಮತ್ತು ವಿಂಡೋಸ್ 2000 ಆವೃತ್ತಿಗಳಿಂದ ಇದಕ್ಕೊಂದು ಬೇಲಿ ಹಾಕಿತು. ಬಳಕೆದಾರ ಕೀಲಿ ಒತ್ತಿ ಇನ್ನೂ 2,00,000 ಮಿಲಿಸೆಕೆಂಡು, ಅಂದರೆ 200 ಸೆಕೆಂಡು, ಕಳೆದಿಲ್ಲವಾದರೆ ಹಿಂದಿನ ತಂತ್ರಾಂಶ ಮುಂದೆ ಬರುವಂತಿಲ್ಲ. ಪರದೆಯ ಬುಡದಲ್ಲಿರುವ ತನ್ನ ಗುಂಡಿಯನ್ನು ಮಿನುಗಿಸಿ ಕಾಯಬೇಕು. ಬಾಗಿಲು ತಳ್ಳಿ ಒಳಬರುವ ಬದಲು ಕದ ತಟ್ಟಿ ನಿಂತಂತೆ. ಬೇಲಿ ಇದ್ದಲ್ಲಿ ಕಂಡಿಯೂ ಇರುತ್ತದೆ. ಕೆಲವು ತಂತ್ರಾಂಶಗಳು ಫೋಕಸ್ ಇರುವ ಕಿಟಕಿಯ ಜೊತೆ ತಮ್ಮನ್ನು ಗಂಟುಹಾಕಿಕೊಂಡು ನುಸುಳಲು ಕಲಿತವು. ಲಿನಕ್ಸ್ ಜಗತ್ತಿನ ಕೆಡಿಇ ಎಂಬ ಡೆಸ್ಕ್‌ಟಾಪಿನಲ್ಲಿ ಕಳವು ತಡೆಯಲು ಐದು ಹಂತಗಳ ಕಾವಲು ಇದೆ. ಕಾವಲು ಸಡಿಲಿಸಿದರೆ ಕಳ್ಳರು ಬರುತ್ತಾರೆ. ಬಿಗಿಗೊಳಿಸಿದರೆ ನಾವೇ ಕರೆದ ಕಿಟಕಿಯೂ ಹಿಂದೆ ಅವಿತು ಕೂರುತ್ತದೆ. ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಬರುತ್ತಿರುವ 'ವೇಲ್ಯಾಂಡ್'ನಲ್ಲಿ ತಂತ್ರಾಂಶಕ್ಕೆ ಒಂದು ಚೀಟಿ ಬೇಕು. ಬಳಕೆದಾರ ಕ್ಲಿಕ್ ಮಾಡಿದಾಗ ವ್ಯವಸ್ಥೆ ಆ ಚೀಟಿ ಕೊಡುತ್ತದೆ. ಚೀಟಿ ತೋರಿಸಿದವರಿಗೆ ಮಾತ್ರ ಮುಂದೆ ಬರುವ ಅನುಮತಿ ಸಿಗಬಹುದು.

ನುಗ್ಗುವಿಕೆಯ ನಿಜವಾದ ಬೆಲೆ ಎಷ್ಟು? ಶಂಶಿ ಇಕ್ಬಾಲ್ ಮತ್ತು ಎರಿಕ್ ಹಾರ್ವಿಟ್ಸ್ 27 ಮಂದಿಯ ಕಂಪ್ಯೂಟರ್ ಬಳಕೆಯನ್ನು ಗಮನಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ಸೂಚನೆಯೊಂದು ಬಂದು ಗಮನ ಅತ್ತ ಹೋದಾಗ ಜನ ಸರಾಸರಿ ಸುಮಾರು 10 ನಿಮಿಷ ಅಲ್ಲೇ ಕಳೆದರು. ಬಿಟ್ಟ ಕೆಲಸದಲ್ಲಿ ಮತ್ತೆ ಮನಸ್ಸು ನೆಡಲು ಇನ್ನೂ 10ರಿಂದ 15 ನಿಮಿಷ ಬೇಕಾಯಿತು. ಮೇಲಿನ 100 ಸೆಕೆಂಡಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ ಅವರ 2008ರ ಪ್ರಯೋಗ ಇನ್ನೊಂದು ವಿಚಿತ್ರವನ್ನು ತೋರಿಸಿತು. ಅಡ್ಡಿಗೆ ಒಳಗಾದವರು ಕೆಲಸವನ್ನು ಬೇಗನೆ ಮುಗಿಸಿದರು! ಆದರೆ ಹೆಚ್ಚು ಒತ್ತಡ, ಹೆಚ್ಚು ಕಿರಿಕಿರಿ, ಹೆಚ್ಚು ಶ್ರಮ ಅನುಭವಿಸಿದರು. ಕಚೇರಿಯ ಲೆಕ್ಕಪುಸ್ತಕದಲ್ಲಿ ಇದು ಲಾಭ. ಮನೆಗೆ ಮರಳಿದ ಮನುಷ್ಯನ ಮುಖದಲ್ಲಿ ಕಾಣುವುದು ನಷ್ಟ. 2004ರ ಸುಮಾರಿಗೆ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ಇಡುತ್ತಿದ್ದರು, ಅದೀಗ ಸುಮಾರು 47 ಸೆಕೆಂಡಿಗೆ ಇಳಿದಿದೆ ಎಂದು ಅವರು 2023ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇದರಲ್ಲಿ ಎಲ್ಲವೂ ಕಿಟಕಿಯ ತಪ್ಪಲ್ಲ. ಯಾರೂ ಕರೆಯದಿದ್ದರೂ ನಾವೇ ಎದ್ದು ಹೋಗುವುದೂ ಉಂಟು.

ಅಷ್ಟಾವಧಾನ ನೋಡಿದವರಿಗೆ ಈ ಚಿತ್ರ ಪರಿಚಿತ. ಪೃಚ್ಛಕರೆಲ್ಲ ತಮ್ಮ ಸರದಿಗೆ ಕಾಯುತ್ತಾರೆ; ಅಪ್ರಸ್ತುತ ಪ್ರಸಂಗದವರಿಗೆ ಮಾತ್ರ ಸರದಿಯ ಹಂಗಿಲ್ಲ, ಯಾವಾಗ ಬೇಕಾದರೂ ಬಾಯಿ ಹಾಕಬಹುದು. ಅಲ್ಲಿ ಅಂಥವರು ಒಬ್ಬರೇ, ಅದೂ ಒಪ್ಪಂದದ ಮೇಲೆ. ಕಂಪ್ಯೂಟರಿನ ಪರದೆಯಲ್ಲಿ ಎಂಟಕ್ಕೆ ಎಂಟೂ ಅಪ್ರಸ್ತುತ ಪ್ರಸಂಗದವರೇ.

ಕನ್ನಡದಲ್ಲಿ ಬರೆಯುವವರಿಗೆ ಫೋಕಸಿನ ಜೊತೆ ಇನ್ನೊಂದು ಗಂಟು ಇದೆ. 'ಬರಹ', 'ನುಡಿ' ತಂತ್ರಾಂಶಗಳ ಕಾಲದಿಂದಲೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಒಳಗೇ ಬಂದ ಮೇಲೂ, ಒಂದೇ ಕೀಲಿಮಣೆ ಎರಡು ಭಾಷೆ ಮಾತನಾಡುತ್ತದೆ. ಹಳೆಯ ವಿಂಡೋಸ್‌ನಲ್ಲಿ ಪ್ರತಿ ತಂತ್ರಾಂಶಕ್ಕೂ ಅದರ ಭಾಷೆಯ ನೆನಪಿತ್ತು: ಪತ್ರದ ಕಿಟಕಿಯಲ್ಲಿ ಕನ್ನಡ, ಲೆಕ್ಕದ ಕಿಟಕಿಯಲ್ಲಿ ಇಂಗ್ಲಿಷ್; ಕಿಟಕಿ ಬದಲಿಸಿದರೆ ಭಾಷೆಯೂ ಬದಲು. 2012ರ ವಿಂಡೋಸ್ 8ರಿಂದ ಭಾಷೆ ಎಲ್ಲ ಕಿಟಕಿಗೂ ಒಂದೇ ಆಯಿತು. ಹಳೆಯ ಕ್ರಮ ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆರಿಸಿಕೊಳ್ಳಬೇಕು. ಎಡಗಡೆ ಇಂಗ್ಲಿಷ್ ನಿಘಂಟು, ಬಲಗಡೆ ಕನ್ನಡ ಅನುವಾದ ಇಟ್ಟುಕೊಂಡು ಕೆಲಸ ಮಾಡುವವರಿಗೆ ಹಳೆಯದೇ ಹಿತ. ಒಂದೇ ಭಾಷೆಯಲ್ಲಿ ಎಲ್ಲವನ್ನೂ ಬರೆಯುವವರಿಗೆ ಹೊಸದು. ಪಾಸ್‌ವರ್ಡ್ ಪೆಟ್ಟಿಗೆಯಲ್ಲಂತೂ ಅಕ್ಷರದ ಬದಲು ಚುಕ್ಕೆ ಕಾಣುವುದರಿಂದ, ಕನ್ನಡ ಕೀಲಿಮಣೆ ಚಾಲ್ತಿಯಲ್ಲಿ ಉಳಿದಿರುವುದು ತಿಳಿಯುವುದೇ ಇಲ್ಲ. ಮೂರು ಸಲ ತಪ್ಪಾಗಿ ಖಾತೆಗೆ ಬೀಗ ಬಿದ್ದ ಮೇಲೆ ತಿಳಿಯುತ್ತದೆ. ಟೆಸ್ಲರ್ ಕಂಡಿದ್ದರೆ ಇದನ್ನೂ ಮೋಡ್ ಎಂದೇ ಕರೆದು ಸಿಟ್ಟಾಗುತ್ತಿದ್ದರೇನೋ.

ಮೌಸ್ ಪಂಥ ಸೋತಿತು ಎನ್ನಲಾಗದು. ವಿಂಡೋಸ್ 7ರಲ್ಲಿ (2009) ಬಾಣ ಇಟ್ಟೊಡನೆ ಕಿಟಕಿ ಎಚ್ಚರಗೊಳ್ಳುವ ಆಯ್ಕೆ ಬಂತು. ಅಂಗವಿಕಲರ ಅನುಕೂಲಕ್ಕಾಗಿ ಇರುವ ಪುಟದಲ್ಲಿ ಅದು ಅಡಗಿ ಕುಳಿತಿತ್ತು. 2015ರ ವಿಂಡೋಸ್ 10ರಲ್ಲಿ ಅರ್ಧ ರಾಜಿಯಾಯಿತು: ಅಕ್ಷರ ಕ್ಲಿಕ್ ಮಾಡಿದ ಕಿಟಕಿಗೆ, ಮೌಸಿನ ಚಕ್ರ ಮಾತ್ರ ಬಾಣದ ಕೆಳಗಿನ ಕಿಟಕಿಗೆ. ಬರೆಯುತ್ತಲೇ ಪಕ್ಕದ ಪುಟವನ್ನು ಉರುಳಿಸಿ ಓದಬಹುದು. ಹಳೆಯ ಎಕ್ಸ್ ಬಳಕೆದಾರರು ಕೇಳುತ್ತಿದ್ದದ್ದರಲ್ಲಿ ಬಹುಪಾಲು ಇದೇ.

ಕೈಯನ್ನೇ ಬಿಟ್ಟು ಕಣ್ಣಿಗೆ ಅಧಿಕಾರ ಕೊಟ್ಟರೆ ಹೇಗೆ? ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಡೇವಿಡ್ ಫೋನೊ ಮತ್ತು ರೋಯೆಲ್ ವೆರ್ಟೆಗಾಲ್ 2005ರಲ್ಲಿ ಅದನ್ನೂ ಪರೀಕ್ಷಿಸಿದರು. ನೋಡಿದ ಕಿಟಕಿಗೇ ಫೋಕಸ್ ಹೋಗುವಂತೆ ಮಾಡಿದಾಗ ಮೌಸ್, ಕೀಲಿಗಳಿಗಿಂತ ಸುಮಾರು ಎರಡು ಪಟ್ಟು ವೇಗ ಸಿಕ್ಕಿತು. ಆದರೂ ಹೆಚ್ಚಿನವರು ಮೆಚ್ಚಿದ್ದು ಅದನ್ನಲ್ಲ. ಕಣ್ಣಿನಿಂದ ಆರಿಸಿ, ಒಂದು ಕೀಲಿ ಒತ್ತಿ ಖಚಿತಪಡಿಸುವ, ಸ್ವಲ್ಪ ನಿಧಾನದ ಕ್ರಮವನ್ನು. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈದಾಸ ರಾಜನ ಫಜೀತಿಯನ್ನು ಈ ಕ್ಷೇತ್ರದವರು ಹಿಂದಿನಿಂದಲೂ ನೆನೆಯುತ್ತ ಬಂದಿದ್ದಾರೆ. ನೋಡಿದ್ದೆಲ್ಲ ಆಜ್ಞೆಯಾದರೆ ಕಣ್ಣಿಗೆ ಸುಮ್ಮನೆ ನೋಡುವ ಸ್ವಾತಂತ್ರ್ಯವೇ ಇರುವುದಿಲ್ಲ.

2010ರಲ್ಲಿ ಐಪ್ಯಾಡ್ ಬಂದಾಗ ಕಿಟಕಿಗಳ ತಂಟೆಯೇ ಬೇಡವೆಂದು ಇಡೀ ಪರದೆಯನ್ನು ಒಂದೇ ತಂತ್ರಾಂಶಕ್ಕೆ ಬಿಟ್ಟುಕೊಡಲಾಗಿತ್ತು. ಅಕ್ಷರ ಎಲ್ಲಿಗೆ ಹೋಗುತ್ತದೆ ಎಂಬ ಅನುಮಾನಕ್ಕೆ ಅಲ್ಲಿ ಜಾಗವಿರಲಿಲ್ಲ. 2015ರಲ್ಲಿ ಪರದೆ ಎರಡು ಹೋಳಾಯಿತು. 2022ರಲ್ಲಿ ಕೆಲವು ಮಾದರಿಗಳಲ್ಲಿ ಕಿಟಕಿಗಳು ಒಂದರ ಮೇಲೊಂದು ಬಂದವು. 2025ರ ಸೆಪ್ಟೆಂಬರಿನಲ್ಲಿ ಬಂದ ಆವೃತ್ತಿಯಲ್ಲಿ ಕಿಟಕಿಯನ್ನು ಬೇಕಾದಲ್ಲಿಗೆ ಎಳೆಯಬಹುದು, ಬೇಕಾದಷ್ಟು ಹಿಗ್ಗಿಸಬಹುದು. ಮೂಲೆಯಲ್ಲಿ ಮೆಕಿಂಟಾಷ್‌ನ ಕೆಂಪು, ಹಳದಿ, ಹಸಿರು ಗುಂಡಿಗಳೂ, ನೆತ್ತಿಯ ಮೇಲೆ ಅದೇ ಆಜ್ಞೆಗಳ ಪಟ್ಟಿಯೂ ಬಂದು ಕುಳಿತಿವೆ. ಕೀಲಿಮಣೆ ಜೋಡಿಸಿ ಕುಳಿತವರು ಬರೆಯುವ ಮುನ್ನ ಬೇಕಾದ ಕಿಟಕಿಯನ್ನು ಒಮ್ಮೆ ಬೆರಳಿನಿಂದ ತಟ್ಟಬೇಕು.